ಒಂದು ತೂಬಿಗೆ ಇಬ್ಬರು ನೀರಗಂಟಿಗಳು

ಕೆ.ಆರ್. ಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯ ಕಾಲೇಜು - ಇಲ್ಲೆಲ್ಲ ಕಂಪ್ಯೂಟರ್ ವಿಷಯ ಓದುವ ಮಕ್ಕಳಿಗೆ ಲಿನಕ್ಸ್ ಹೊಸ ಹೆಸರಲ್ಲ. ಪ್ರಯೋಗಾಲಯದಲ್ಲಿ ಅದನ್ನು ಕಂಡವರು ಮನೆಯ ಲ್ಯಾಪ್‌ಟಾಪಿಗೂ ಹಾಕಿಕೊಳ್ಳುವುದುಂಟು. ಹಣ ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹೊಸ ವಿಂಡೋಸ್ ಒಪ್ಪದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಇದೊಂದು ಒಳ್ಳೆಯ ದಾರಿಯೂ ಹೌದು.

ಆದರೆ ಹಾಕಿದ ದಿನವೇ ಕೆಲವರಿಗೆ ಒಂದು ಆಘಾತ ಕಾದಿರುತ್ತದೆ. ಪರದೆ ಬರುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ, ವೈ-ಫೈ ಮಾತ್ರ ಮಾಯ! ಪಕ್ಕದ ಮೊಬೈಲಿಗೆ ಸಿಗುವ ಸಂಕೇತ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ನಾಳೆ ಒಪ್ಪಿಸಬೇಕಾದ ಕೆಲಸ ಹಾಗೇ ಉಳಿದಿರುತ್ತದೆ. ಅಂಗಡಿಗೆ ಒಯ್ದರೆ 'ಕಾರ್ಡು ಹೋಗಿದೆ, ಬದಲಾಯಿಸಬೇಕು' ಎಂಬ ಉತ್ತರವೂ ಬರಬಹುದು. ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿದ ತಂದೆತಾಯಿಗೆ ಮತ್ತೆ ಖರ್ಚು. ನಿಜವಾಗಿ ಕಾರ್ಡು ಕೆಟ್ಟಿರುತ್ತದೆಯೇ? ಎಷ್ಟೋ ಸಲ ಇಲ್ಲ. ಅಲ್ಲಿ ನಡೆದಿರುವುದು ಚಾಲಕ ತಂತ್ರಾಂಶಗಳ ಜಗಳ.

ಚಾಲಕ ಎಂದರೆ ಯಾರು?

ಕಂಪ್ಯೂಟರಿನ ಪ್ರತಿಯೊಂದು ಭಾಗವನ್ನೂ ಮಾತನಾಡಿಸಲು ಒಂದೊಂದು ಸಣ್ಣ ತಂತ್ರಾಂಶ ಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಡ್ರೈವರ್ ಎನ್ನುತ್ತಾರೆ. ಲಿನಕ್ಸ್‌ನ ಹೃದಯಭಾಗವಾದ ಕರ್ನಲ್, ಯಂತ್ರ ಶುರುವಾದಾಗ ಯಾವ ಕಾರ್ಡು ಇದೆಯೆಂದು ನೋಡಿ ಅದಕ್ಕೆ ತಕ್ಕ ಡ್ರೈವರನ್ನು ಕರೆಯುತ್ತದೆ. ಒಂದೇ ಕಾರ್ಡಿಗೆ ಎರಡು ಡ್ರೈವರ್‌ಗಳು 'ಇದು ನನ್ನದು' ಎಂದು ಬಂದರೆ ತೊಂದರೆ.

ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದು ತೂಬಿಗೆ ಒಬ್ಬ ನೀರಗಂಟಿ ಇದ್ದರೆ ನೀರು ಸರದಿಯಂತೆ ಹರಿಯುತ್ತದೆ. ಇಬ್ಬರಿದ್ದು ಒಬ್ಬ ತೆರೆದದ್ದನ್ನು ಇನ್ನೊಬ್ಬ ಮುಚ್ಚಿದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಆಗ ನಾಲೆಯಲ್ಲಿ ನೀರಿಲ್ಲವೆಂದು ಹೇಳಿದರೆ ಅದು ತಪ್ಪು.

ಮೊದಲು ಕಾರ್ಡಿನ ಗುರುತು

ದುರಸ್ತಿಗೆ ಅಂತರ್ಜಾಲ ಬೇಕು, ಅಂತರ್ಜಾಲವೇ ಇಲ್ಲ! ಇದಕ್ಕೆ ಉಪಾಯ ಸುಲಭ. ಮೊಬೈಲನ್ನು ಚಾರ್ಜಿನ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆರಿಸಿದರೆ ಸಾಕು. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದು ತಿಳಿಯುತ್ತದೆ. ವೈ-ಫೈ ಕಾರ್ಡಿನ ಗೊಡವೆ ಇರುವುದಿಲ್ಲ.

ಮುಂದಿನ ಹೆಜ್ಜೆ ಟರ್ಮಿನಲ್ ತೆರೆಯುವುದು. ಅಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಎಲ್-ಎಸ್-ಪಿ-ಸಿ-ಐ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆಯೊಡನೆ ಎನ್-ಎನ್-ಕೆ ಸೇರಿಸಬೇಕು. ಬರುವ ಪಟ್ಟಿಯಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದಿರುವ ಸಾಲನ್ನು ಹುಡುಕಬೇಕು. ಅಲ್ಲಿ ತಯಾರಕರ ಹೆಸರೂ ಚೌಕ ಆವರಣದಲ್ಲಿ ಒಂದು ಗುರುತಿನ ಸಂಖ್ಯೆಯೂ ಇರುತ್ತವೆ. ಅದರ ಕೆಳಗೆ ಎರಡು ಮುಖ್ಯ ಸಾಲುಗಳು: 'ಕರ್ನಲ್ ಡ್ರೈವರ್ ಇನ್ ಯೂಸ್' ಎಂದರೆ ಈಗ ಕಾರ್ಡನ್ನು ಹಿಡಿದಿರುವ ಡ್ರೈವರ್, 'ಕರ್ನಲ್ ಮಾಡ್ಯೂಲ್ಸ್' ಎಂದರೆ ಹಿಡಿಯಬಲ್ಲವರೆಲ್ಲರ ಪಟ್ಟಿ. ಮೊದಲನೆಯ ಸಾಲೇ ಇಲ್ಲವೆಂದರೆ ಕಾರ್ಡಿಗೆ ದಿಕ್ಕಿಲ್ಲ; ಎರಡನೆಯ ಸಾಲಿನಲ್ಲಿ ಎರಡು ಮೂರು ಹೆಸರಿದ್ದರೆ ಜಗಳಕ್ಕೆ ಎಡೆಯಿದೆ. ಯುಎಸ್‌ಬಿ ಕಿಂಡಿಗೆ ಚುಚ್ಚುವ ಕಾರ್ಡಾದರೆ ಎಲ್-ಎಸ್-ಯು-ಎಸ್-ಬಿ ಎಂಬ ಆಜ್ಞೆ ಬಳಸಬೇಕು.

ಗುರುತಿನ ಸಂಖ್ಯೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನ ಹೆಸರು ಒಂದೇ ಇದ್ದರೂ ಒಳಗಿನ ಕಾರ್ಡು ಬೇರೆ ಬೇರೆ ಇರಬಹುದು. ಗೆಳೆಯನ ಯಂತ್ರಕ್ಕೆ ನಾಟಿದ ಮದ್ದು ತನ್ನದಕ್ಕೂ ನಾಟುತ್ತದೆಂಬ ಭರವಸೆಯಿಲ್ಲ.

ಬ್ರಾಡ್‌ಕಾಮ್‌ನ ಹಳೆಯ ಜಗಳ

ಈ ಜಗಳಕ್ಕೆ ಹೆಸರಾದದ್ದು ಬ್ರಾಡ್‌ಕಾಮ್ ಕಾರ್ಡುಗಳು. ಆ ಸಂಸ್ಥೆ ಮೊದಮೊದಲು ಲಿನಕ್ಸ್‌ಗೆ ಬೇಕಾದ ವಿವರಗಳನ್ನು ಕೊಡಲಿಲ್ಲ. ಆಸಕ್ತರೇ ಕಾರ್ಡಿನ ವರ್ತನೆಯನ್ನು ಪರೀಕ್ಷಿಸಿ ಡ್ರೈವರ್ ಬರೆದರು. ಒಂದು ತಂಡ ಕಾರ್ಡಿನ ಗುಟ್ಟನ್ನು ಬಿಡಿಸಿ ವಿವರ ಬರೆಯುವುದು, ಇನ್ನೊಂದು ತಂಡ ಆ ವಿವರವನ್ನಷ್ಟೇ ಓದಿ ತಂತ್ರಾಂಶ ರಚಿಸುವುದು - ಹೀಗೆ ನಡೆಯಿತು ಆ ಕೆಲಸ. ಅದು 2006ರಲ್ಲಿ ಕರ್ನಲ್ ಸೇರಿತು. 2008ರಲ್ಲಿ ಅದರ ಜಾಗಕ್ಕೆ 'ಬಿ43' ಬಂತು. ಸಂಸ್ಥೆ ತನ್ನದೇ ಆದ 'ಡಬ್ಲ್ಯುಎಲ್' ಎಂಬ ಡ್ರೈವರನ್ನೂ ಕೊಟ್ಟಿತು. 2010ರಲ್ಲಿ ಕೆಲವು ಕಾರ್ಡುಗಳಿಗೆ ಮುಕ್ತ ಡ್ರೈವರನ್ನೂ ಬಿಡುಗಡೆ ಮಾಡಿತು. ಹೀಗೆ ಒಂದೇ ಮನೆಗೆ ಹಲವು ವಾರಸುದಾರರಾದರು.

'ಡಬ್ಲ್ಯುಎಲ್' ಕೆಲಸ ಮಾಡಬೇಕಾದರೆ 'ಬಿ43', 'ಎಸ್‌ಎಸ್‌ಬಿ', 'ಬಿಸಿಎಂಎ' ಮುಂತಾದವು ಕಾರ್ಡನ್ನು ಹಿಡಿದಿರಬಾರದು. ಅದಕ್ಕಾಗಿ ಅವನ್ನು ನಿಷೇಧಿಸುವ ಕಪ್ಪುಪಟ್ಟಿಯೊಂದು ಅದರೊಡನೆ ಬರುತ್ತದೆ. 'ಇಟಿಸಿ' ಕಡತಕೋಶದೊಳಗಿನ 'ಮಾಡ್‌ಪ್ರೋಬ್.ಡಿ' ಎಂಬಲ್ಲಿ ಇಂಥ ಪಟ್ಟಿಗಳಿರುತ್ತವೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಒಂದು ಡ್ರೈವರ್ ಹಾಕಿ, ಆಗಲಿಲ್ಲವೆಂದು ತೆಗೆದು, ಇನ್ನೊಂದು ಹಾಕುತ್ತಾರೆ. ಡ್ರೈವರ್ ಹೋಗುತ್ತದೆ, ಕಪ್ಪುಪಟ್ಟಿ ಉಳಿದಿರುತ್ತದೆ. ಕೆಲಸ ಮಾಡಬೇಕಾದವನಿಗೆ ಒಳಗೆ ಪ್ರವೇಶವೇ ಇಲ್ಲ! ಉಬುಂಟು, ಡೆಬಿಯನ್ ಬಳಸುವವರು 'ರಿಮೂವ್' ಎಂಬ ಆಜ್ಞೆಯ ಬದಲು 'ಪರ್ಜ್' ಬಳಸಿದರೆ ಡ್ರೈವರಿನೊಡನೆ ಬಂದ ಹೊಂದಾಣಿಕೆಯ ಕಡತಗಳೂ ಹೋಗುತ್ತವೆ. ತಾವೇ ಕೈಯಾರೆ ಬರೆದ ಸಾಲುಗಳನ್ನು ತಾವೇ ಅಳಿಸಬೇಕು.

ಯಾವ ಕಾರ್ಡಿಗೆ ಯಾವುದು? 14ಇ4:4365 ಎಂಬ ಗುರುತಿನ ಬಿಸಿಎಂ 43142 ಕಾರ್ಡಿಗೆ 'ಡಬ್ಲ್ಯುಎಲ್' ಬೇಕು. 'ಬಿ43' ಅದನ್ನು ನಡೆಸಲಾರದು. 14ಇ4:4315 ಎಂಬ ಬಿಸಿಎಂ 4312 ಎರಡರಲ್ಲೂ ನಡೆಯುತ್ತದೆ. ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. 'ಬಿ43' ಆರಿಸಿದವರು ಅದಕ್ಕೆ ಬೇಕಾದ ಫರ್ಮ್‌ವೇರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಅದನ್ನು ಹಂಚುವ ಪರವಾನಗಿ ಇಲ್ಲದ ಕಾರಣ ಅದು ಲಿನಕ್ಸ್‌ನೊಡನೆ ಬರುವುದಿಲ್ಲ.

ರಿಯಲ್‌ಟೆಕ್ ಕಾರ್ಡಾದರೆ

ಈಚಿನ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಕಾರ್ಡುಗಳು ಹೆಚ್ಚು. ಆರ್‌ಟಿಎಲ್ 8821ಸಿಇ ಎಂಬ ಕಾರ್ಡಿಗೆ ಹಿಂದೆ ಹೊರಗಿನಿಂದ ಡ್ರೈವರ್ ತಂದು ಹಾಕಬೇಕಿತ್ತು. 2020ರ ಅಕ್ಟೋಬರಿನಲ್ಲಿ ಬಂದ 5.9ನೇ ಕರ್ನಲ್‌ನಿಂದ ಈಚೆಗೆ 'ಆರ್‌ಟಿಡಬ್ಲ್ಯು88' ಎಂಬ ಡ್ರೈವರ್ ಒಳಗೇ ಇದೆ. ಹಳೆಯ ಸಲಹೆ ಓದಿ ಹೊರಗಿನದನ್ನೂ ಹಾಕಿದರೆ ಇಬ್ಬರೂ ಒಂದೇ ಕಾರ್ಡಿಗೆ ಕೈಚಾಚುತ್ತಾರೆ. ಸಂಪರ್ಕ ಬಂದು ಬಂದು ಹೋಗಬಹುದು. ಹೊಸ ಕರ್ನಲ್ ಇದ್ದರೆ ಒಳಗಿನದನ್ನೇ ಮೊದಲು ಪರೀಕ್ಷಿಸುವುದು ಜಾಣತನ.

ಜಗಳವಿಲ್ಲದೆಯೂ ಒಂದು ತೊಡಕುಂಟು. ಆರ್‌ಟಿಎಲ್ 8723ಬಿಇ ಕಾರ್ಡಿರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಇರುತ್ತದೆ. ಡ್ರೈವರ್ ಆಂಟೆನಾ ಇಲ್ಲದ ಕಡೆ ಕಿವಿಗೊಟ್ಟರೆ ರೂಟರಿನ ಪಕ್ಕ ಕೂತಾಗ ಮಾತ್ರ ವೈ-ಫೈ ಸಿಗುತ್ತದೆ. ಆ ಡ್ರೈವರಿನ 'ಆ್ಯಂಟ್ ಸೆಲ್' ಎಂಬ ಆಯ್ಕೆಗೆ 1 ಅಥವಾ 2 ಕೊಟ್ಟು ನೋಡಿದರೆ ಪರಿಹಾರವಾಗುತ್ತದೆ.

ಬೀಗ ಯಾರು ಹಾಕಿದರು?

ಡ್ರೈವರ್ ಸರಿಯಿದ್ದೂ ವೈ-ಫೈ ಬಾರದಿದ್ದರೆ ಆರ್-ಎಫ್-ಕಿಲ್ ಎಂಬ ಆಜ್ಞೆಗೆ 'ಲಿಸ್ಟ್' ಸೇರಿಸಿ ನೋಡಬೇಕು. 'ಸಾಫ್ಟ್ ಬ್ಲಾಕ್ಡ್: ಯೆಸ್' ಎಂದಿದ್ದರೆ ತಂತ್ರಾಂಶದ ಬೀಗ, 'ಅನ್‌ಬ್ಲಾಕ್' ಎಂಬ ಆಜ್ಞೆಯಿಂದ ತೆರೆಯುತ್ತದೆ. 'ಹಾರ್ಡ್ ಬ್ಲಾಕ್ಡ್' ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನ ಗುಂಡಿ ಅಥವಾ ಕೀಲಿಮಣೆಯ ಮೇಲಿನ ವಿಮಾನದ ಚಿತ್ರದ ಕೀಲಿ ನೋಡಬೇಕು. ಗುಂಡಿಯೇ ಇಲ್ಲದ ಕೆಲವು ಲೆನೊವೊ, ಏಸರ್ ಮಾದರಿಗಳಲ್ಲೂ ಹೀಗೆ ತೋರಿಸುವುದುಂಟು. ಅಲ್ಲಿ 'ಐಡಿಯಾಪ್ಯಾಡ್ ಲ್ಯಾಪ್‌ಟಾಪ್' ಅಥವಾ 'ಏಸರ್ ಡಬ್ಲ್ಯುಎಂಐ' ಎಂಬ ಸಹಾಯಕ ಡ್ರೈವರ್, ಇಲ್ಲದ ಗುಂಡಿ ಒತ್ತಿದೆಯೆಂದು ಭ್ರಮಿಸಿರುತ್ತದೆ. ಅದನ್ನು ತಾತ್ಕಾಲಿಕವಾಗಿ ಇಳಿಸಿ ನೋಡಿದರೆ ನಿಜ ತಿಳಿಯುತ್ತದೆ.

ನಿನ್ನೆ ಇತ್ತು, ಇವತ್ತಿಲ್ಲ

ನಿನ್ನೆ ಚೆನ್ನಾಗಿದ್ದದ್ದು ಇವತ್ತು ನಿಂತರೆ ರಾತ್ರಿ ಕರ್ನಲ್ ಹೊಸತಾಗಿದೆಯೇ ಎಂದು ಕೇಳಿಕೊಳ್ಳಬೇಕು. ಹೊರಗಿನ ಡ್ರೈವರನ್ನು ಪ್ರತಿ ಕರ್ನಲ್‌ಗೂ ಹೊಸದಾಗಿ ಕಟ್ಟಬೇಕಾಗುತ್ತದೆ. ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ತಾನೇ ಮಾಡುತ್ತದೆ. ಆದರೆ ಆ ಕರ್ನಲ್‌ನ 'ಹೆಡರ್ಸ್' ಇಲ್ಲದಿದ್ದರೆ ಕೈಚೆಲ್ಲುತ್ತದೆ. ಯಂತ್ರ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಆರಿಸಿ ವೈ-ಫೈ ಬಂದರೆ ಕಾರಣ ಖಚಿತ.

ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟು ಒಂದು ಗುಪ್ತಪದ ಕೇಳಿ, ಮರುಚಾಲನೆಯಾದಾಗ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೇಳುತ್ತದೆ. ಹೆದರಿ ಆ ಪರದೆಯನ್ನು ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದಂತೆ.

ವಿದ್ಯಾರ್ಥಿಗೂ ಪಾಲಕರಿಗೂ

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದು ಬದಲಾವಣೆ. ಮಾಡಿದ್ದನ್ನು ಬರೆದಿಟ್ಟು, ಯಂತ್ರವನ್ನು ಮರುಚಾಲನೆ ಮಾಡಿ, ಫಲ ನೋಡಿ, ಆಮೇಲೆ ಮುಂದಿನದು. ಸಿಕ್ಕಿದ ಹತ್ತು ಆಜ್ಞೆಗಳನ್ನು ಒಟ್ಟಿಗೆ ಕೊಟ್ಟರೆ ರೋಗ ವಾಸಿಯಾದರೂ ಯಾವ ಮದ್ದಿನಿಂದ ಎಂದು ತಿಳಿಯದು. ಡಿ-ಎಂ-ಇ-ಎಸ್-ಜಿ ಎಂಬ ಆಜ್ಞೆ ಕರ್ನಲ್‌ನ ದಿನಚರಿಯನ್ನು ತೋರಿಸುತ್ತದೆ. ಅದನ್ನು ತಾಳ್ಮೆಯಿಂದ ಓದುವ ಅಭ್ಯಾಸ ಪರೀಕ್ಷೆಯ ಅಂಕಗಳಿಗಿಂತ ಹೆಚ್ಚು ಕಾಲ ಜೊತೆಗಿರುತ್ತದೆ. ಲಿನಕ್ಸ್ ಹುಟ್ಟಿದ್ದೂ 1991ರಲ್ಲಿ, ಹೆಲ್ಸಿಂಕಿಯ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತನ್ನ ಮನೆಯ ಕಂಪ್ಯೂಟರನ್ನು ಬಿಡದೆ ಕೆದಕಿದ್ದರಿಂದ.

ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಪಾಲಕರು ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿಕೊಂಡು ಹೋಗಿ, ಅಂಗಡಿಯಲ್ಲೇ ಹಚ್ಚಿ, ವೈ-ಫೈ ಬರುವುದೇ ಎಂದು ಮಗನಿಂದಲೋ ಮಗಳಿಂದಲೋ ನೋಡಿಸಬೇಕು. ಏನನ್ನೂ ಅಳಿಸದೆ ಹೀಗೆ ಪರೀಕ್ಷಿಸಲು ಬರುತ್ತದೆ. ಇಂಟೆಲ್ ಕಾರ್ಡಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಅದರ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಈಗಾಗಲೇ ಕೊಂಡದ್ದರಲ್ಲಿ ತೊಡಕಿದ್ದರೆ ಹೊಸ ಕಾರ್ಡಿಗೆ ಹಣ ಕೊಡುವ ಮುನ್ನ ಮಕ್ಕಳಿಗೆ ಒಂದು ಭಾನುವಾರ ಬಿಟ್ಟುಕೊಟ್ಟು ನೋಡಬಹುದು. ಮೊದಲ ಖರ್ಚು ಅಷ್ಟೇ ಆಗಲಿ.