ಗೃಹಾರೋಗ್ಯ: ಕಿರಿದಾದ ಜಠರಕ್ಕೆ ಬಲದ ಊಟ

ಮಿತಾಹಾರವು ಆರೋಗ್ಯಕ್ಕೆ ಮೂಲವೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಮಿತಕ್ಕೂ ಕೆಳಗಣ ಎಲ್ಲೆಯೊಂದುಂಟು; ಅದಕ್ಕಿಂತ ಕೆಳಗಿಳಿದರೆ ಮಿತಾಹಾರವೇ ಉಪವಾಸವಾಗುವುದು. ದೇಹದ ತೂಕವನ್ನಿಳಿಸಲು ಜಠರದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರು, ಬಲ ಗಳಿಸಬೇಕೆಂದು ಅಂಗಸಾಧನೆಗೆ ತೊಡಗಿದಾಗ, ಈ ಎಲ್ಲೆಯನ್ನರಿಯದೆ ಬಳಲುವುದುಂಟು. ಇಂಥವರು ಈಗ ನಮ್ಮ ಊರುಗಳಲ್ಲಿಯೂ ವಿರಳರಲ್ಲವಾದುದರಿಂದ, ಈ ತಿಂಗಳು ಅವರ ಊಟದ ವಿಚಾರವನ್ನು ಎತ್ತಿಕೊಂಡಿರುವೆವು.

ಈ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಜಠರದ ಮೇಲ್ಭಾಗದಲ್ಲಿ ಚಿಕ್ಕದೊಂದು ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುವುದು ‘ಬೈಪಾಸ್’. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೋ ಎಂಬ ವೈದ್ಯರು ೧೯೬೬ರಲ್ಲಿ ಇದನ್ನು ಮೊದಲಿಗೆ ಮಾಡಿದರು. ಜಠರದ ಮುಕ್ಕಾಲು ಪಾಲನ್ನು ಅಥವಾ ಅದಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಕೊಳವೆಯಂಥ ಭಾಗವನ್ನು ಮಾತ್ರ ಉಳಿಸುವುದು ‘ಸ್ಲೀವ್’. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ರಸವು ಬಹುಮಟ್ಟಿಗೆ ಒಸರುವುದು ಹೀಗೆ ತೆಗೆದುಹಾಕಿದ ಭಾಗದಿಂದಲೇ. ಆದುದರಿಂದ ಅನೇಕರಿಗೆ ಕೆಲವು ತಿಂಗಳು ಹಸಿವೆಯೇ ತೋರದು. ಹಸಿದಾಗ ಉಣ್ಣಬೇಕೆಂಬ ನಿಯಮವು ಇವರಿಗೆ ಸಾಲದು. ಇವರು ಗಡಿಯಾರವನ್ನು ನೋಡಿ ಉಣ್ಣಬೇಕು.

ಉಣ್ಣದಿದ್ದರೆ ತೂಕ ಬೇಗನೆ ಇಳಿಯುವುದಲ್ಲವೆ, ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ಕೇಳಬಹುದು. ಇಲ್ಲಿಯೇ ಅಪಾಯವಿರುವುದು. ಇಳಿದ ತೂಕವೆಲ್ಲ ಕೊಬ್ಬೇ ಅಲ್ಲ. ಅದರೊಡನೆ ಮಾಂಸಖಂಡವೂ ಕರಗುವುದು. ತಕ್ಕಡಿಯು ಒಟ್ಟು ಭಾರವನ್ನು ಹೇಳುವುದೇ ಹೊರತು, ಕರಗಿದುದು ಯಾವುದೆಂಬುದನ್ನು ಹೇಳಲಾರದು. ಮಾಂಸಖಂಡವು ಕ್ಷಯಿಸಿದರೆ ಮೆಟ್ಟಿಲೇರುವುದು, ಕುಳಿತಲ್ಲಿಂದ ಏಳುವುದು, ಬಿಂದಿಗೆಯನ್ನೆತ್ತುವುದು ಎಲ್ಲವೂ ಕಷ್ಟವಾಗುವುವು. ಅದನ್ನು ಕಾಪಾಡುವ ಉಪಾಯಗಳು ಎರಡು: ಭಾರವನ್ನೆತ್ತುವ ಬಗೆಯ ವ್ಯಾಯಾಮ, ಮತ್ತು ಅದಕ್ಕೆ ತಕ್ಕ ಆಹಾರ. ಒಂದನ್ನು ಬಿಟ್ಟು ಇನ್ನೊಂದು ಫಲಿಸದು. ಗೋಡೆ ಕಟ್ಟುವವನನ್ನು ಕರೆದು ಇಟ್ಟಿಗೆಯನ್ನೇ ಕೊಡದಿದ್ದರೆ ಅವನಾದರೂ ಏನು ಮಾಡಿಯಾನು?

ಇಲ್ಲಿ ಇಟ್ಟಿಗೆಯೆಂದರೆ ಪ್ರೋಟೀನು. ಈ ಚಿಕಿತ್ಸೆಯಾದವರಿಗೆ ದಿನಕ್ಕೆ ಕಡಮೆಯೆಂದರೆ ೬೦ ಗ್ರಾಂ ಬೇಕೆಂದು ವೈದ್ಯರು ಸಾಮಾನ್ಯವಾಗಿ ವಿಧಿಸುವರು. ಅವರವರ ಎತ್ತರಕ್ಕೆ ತಕ್ಕ ತೂಕದ ಒಂದೊಂದು ಕಿಲೋಗ್ರಾಮಿಗೆ ೧ರಿಂದ ೧.೫ ಗ್ರಾಮಿನವರೆಗೆ ಎಂಬುದೂ ರೂಢಿಯಲ್ಲಿರುವ ಲೆಕ್ಕ. ಅಂಗಸಾಧನೆ ಮಾಡುವವರು ತಮಗೆಷ್ಟು ಬೇಕೆಂಬುದನ್ನು ಆಹಾರತಜ್ಞರಿಂದ ನಿಶ್ಚಯಿಸಿಕೊಳ್ಳತಕ್ಕದ್ದು. ಮೂತ್ರಪಿಂಡದ ರೋಗವುಳ್ಳವರಂತೂ ವೈದ್ಯರನ್ನು ಕೇಳದೆ ಹೆಚ್ಚಿಸಕೂಡದು.

ಚಿಕ್ಕ ಜಠರದಲ್ಲಿ ಇಷ್ಟನ್ನು ತುಂಬುವುದು ಹೇಗೆ? ಹಂಚಿ ಉಣ್ಣುವುದೇ ಮಾರ್ಗ. ದ್ರವಾಹಾರ, ಮೆದು ಆಹಾರಗಳ ಮೊದಲ ವಾರಗಳು ಕಳೆದು, ಸಾಧಾರಣ ಊಟಕ್ಕೆ ಅಪ್ಪಣೆಯಾದ ಮೇಲೆ, ದಿನದ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಬಹುದು. ಬೆಳಗ್ಗೆ ಎರಡು ಮೊಟ್ಟೆ, ಸುಮಾರು ೧೨ ಗ್ರಾಂ ಪ್ರೋಟೀನು. ಹತ್ತು ಗಂಟೆಗೆ ೨೦೦ ಮಿಲಿಲೀಟರ್ ಸಕ್ಕರೆಯಿಲ್ಲದ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ೨೦ ಗ್ರಾಂ ಬೆರೆಸಿದರೆ ೧೩ ಗ್ರಾಂ. ಮಧ್ಯಾಹ್ನ ೭೫ ಗ್ರಾಂ ಪನೀರು ಹಾಗೂ ಅರ್ಧ ಬಟ್ಟಲು ಗಟ್ಟಿ ಬೇಳೆಯಿಂದ ೧೭ ಗ್ರಾಂ. ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ೧೦೦ ಗ್ರಾಂ, ಅದರಿಂದ ೮ ಗ್ರಾಂ. ರಾತ್ರಿ ೨೫ ಗ್ರಾಂ ಸೋಯಾ ಉಂಡೆಗಳನ್ನು ನೆನೆಸಿ ಬೇಯಿಸಿದರೆ ೧೩ ಗ್ರಾಂ. ಮಾಂಸಾಹಾರಿಗಳಿಗೆ ಅಷ್ಟೇ ಬೆಲೆಯ ಮೀನು ಅಥವಾ ಕೋಳಿ. ಒಟ್ಟು ೬೩ ಗ್ರಾಂ ಆಯಿತು. ಮೊಟ್ಟೆ ಒಲ್ಲದವರು ಕಡಲೆಹಿಟ್ಟಿನ ದೋಸೆಯನ್ನೂ ಪನೀರನ್ನೂ ಕೂಡಿಸಿಕೊಳ್ಳಬಹುದು. ಇಷ್ಟೂ ಹಿಡಿಸದಿದ್ದಲ್ಲಿ ವೈದ್ಯರು ಹಾಲಿನಿಂದ ತೆಗೆದ ಪ್ರೋಟೀನಿನ ಪುಡಿಯನ್ನು ಹೇಳುವರು.

ನಮ್ಮ ಅಡಿಗೆಮನೆಯ ಭ್ರಮೆಯೊಂದನ್ನು ಇಲ್ಲಿ ತಿದ್ದಬೇಕಾಗಿದೆ. ನಿಶ್ಶಕ್ತರಿಗೆ ಗಂಜಿಯನ್ನೂ ತಿಳಿಸಾರನ್ನೂ ಕೊಡುವುದು ವಾಡಿಕೆ. ಆದರೆ ಸಾರಿನ ತಿಳಿಯಲ್ಲಿ ಪ್ರೋಟೀನು ಅತ್ಯಲ್ಪ. ಅದು ತಳದಲ್ಲಿ ನಿಂತ ಬೇಳೆಯಲ್ಲಿರುವುದು. ತಟ್ಟೆಯಲ್ಲಿ ಮೊದಲು ಪನೀರು, ಬೇಳೆ, ಮೊಟ್ಟೆಗಳನ್ನು ಉಂಡು, ಅನಂತರ ಪಲ್ಯ, ಕಡೆಗೆ ತುಸು ಅನ್ನವನ್ನೋ ಮುದ್ದೆಯನ್ನೋ ತೆಗೆದುಕೊಳ್ಳಬೇಕು. ಹಾಗೆಂದು ಧಾನ್ಯವನ್ನು ಪೂರ್ತಿ ತೊರೆಯುವುದೂ ತರವಲ್ಲ. ದೇಹಕ್ಕೆ ಉರುವಲು ಸಾಲದಿದ್ದರೆ ತಿಂದ ಪ್ರೋಟೀನನ್ನೇ ಅದು ಉರಿಸಿಬಿಡುವುದು. ನೀರನ್ನು ಊಟದೊಡನೆ ಕುಡಿಯದೆ, ಉಂಡ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು.

ಭಾರವಾದುದನ್ನು ಎತ್ತಲು ಶಸ್ತ್ರವೈದ್ಯರ ಅಪ್ಪಣೆ ಬೇಕು. ಸಾಧಾರಣವಾಗಿ ೪ರಿಂದ ೬ ವಾರಗಳವರೆಗೆ ಅದು ದೊರೆಯದು. ಆಮೇಲೂ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಾನಿಸಿ ತಳ್ಳುವುದು, ನೀರು ತುಂಬಿದ ಸೀಸೆಗಳನ್ನೆತ್ತುವುದು ಇವುಗಳಿಂದ ಮೊದಲುಮಾಡಿ, ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು, ಭಾರವನ್ನು ಮೆಲ್ಲಮೆಲ್ಲನೆ ಏರಿಸಬೇಕು. ಬರಿಹೊಟ್ಟೆಯಲ್ಲಿ ತಲೆ ತಿರುಗುವವರು ಒಂದು ಗಂಟೆ ಮುಂಚೆ ಪುಟ್ಟ ಇಡ್ಲಿಯನ್ನೋ ಅರ್ಧ ಬಾಳೆಯಹಣ್ಣನ್ನೋ ತಿನ್ನಬಹುದು. ಶಕ್ತಿ ಬರಲೆಂದು ಸಕ್ಕರೆಯ ಪಾನಕವನ್ನು ಕುಡಿಯಕೂಡದು. ಅದು ಕರುಳಿಗೆ ಒಮ್ಮೆಲೆ ಇಳಿದು, ವಿಶೇಷವಾಗಿ ಬೈಪಾಸ್ ಆದವರಿಗೆ, ಎದೆಬಡಿತ, ಬೆವರು, ಭೇದಿಗಳನ್ನು ತರುವುದುಂಟು.

ವಾರದಿಂದ ವಾರಕ್ಕೆ ಎತ್ತುವ ಭಾರ ಕುಗ್ಗುತ್ತಿದ್ದರೆ, ಸದಾ ಆಯಾಸವಿದ್ದರೆ, ಅದನ್ನು ಸೋಮಾರಿತನವೆಂದು ಬಗೆಯದೆ ಮೊದಲು ಊಟದ ಲೆಕ್ಕವನ್ನು ನೋಡಬೇಕು. ಬಿ೧೨, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವಗಳ ಗುಳಿಗೆಗಳನ್ನು ವೈದ್ಯರು ವಿಧಿಸಿದಂತೆ ಜೀವಮಾನವೆಲ್ಲ ತಪ್ಪಿಸಬಾರದು. ಕಬ್ಬಿಣವನ್ನೂ ಸುಣ್ಣದಂಶವನ್ನೂ ಒಟ್ಟಿಗೆ ನುಂಗದೆ ಎರಡು ಗಂಟೆ ಅಂತರವಿಡಬೇಕು. ವಾಂತಿ ನಿಲ್ಲದಿದ್ದರೆ ಬಿ೧ ಜೀವಸತ್ವ ಬರಿದಾಗಿ ನರಗಳಿಗೂ ಮೆದುಳಿಗೂ ಕೇಡಾಗಬಹುದು; ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕಡೆಯ ಮಾತು ಮನೆಯವರಿಗೆ. ಇಷ್ಟು ಹಣ ಸುರಿದು ಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಉಣ್ಣುವುದೇ ಎಂದು ಬಂಧುಗಳು ಆಡುವ ಒಂದು ಮಾತು ಸಾಕು, ತುತ್ತು ಕೈಯಿಂದ ಜಾರಲು. ಚಿಕಿತ್ಸೆಯಾದವಳು ಗೃಹಿಣಿಯಾಗಿದ್ದರಂತೂ ಕಷ್ಟ ಇನ್ನೂ ಹೆಚ್ಚು. ಎಲ್ಲರಿಗೂ ಬಡಿಸಿ ಅವಳು ಕೂರುವ ಹೊತ್ತಿಗೆ ಬೇಳೆ ಬರಿದಾಗಿ, ಅನ್ನವೂ ತಿಳಿಯೂ ಮಾತ್ರ ಮಿಕ್ಕಿರುವುವು. ಅದರಿಂದ ಅವಳ ತೋಳಿಗೆ ಬಲವೆಲ್ಲಿಂದ ಬಂದೀತು? ಅವಳ ಪಾಲಿನ ಬೇಳೆ, ಪನೀರು, ಮೊಸರುಗಳನ್ನು ಮೊದಲೇ ತೆಗೆದಿಡುವುದು, ಅವಳ ಊಟದ ವೇಳೆಗೆ ಬೇರೆ ಕೆಲಸವನ್ನು ಹೇಳದಿರುವುದು ಮನೆಯವರೆಲ್ಲರ ಕರ್ತವ್ಯ. ಎಷ್ಟು ಇಳಿದೆ ಎಂದು ಅವಳನ್ನು ದಿನವೂ ಕೇಳುವುದನ್ನು ಬಿಟ್ಟು, ಇಂದು ಸಾಕಷ್ಟು ಉಂಡೆಯಾ ಎಂದು ಕೇಳುವ ಮನೆಯಲ್ಲಿ ಚಿಕಿತ್ಸೆಗೆ ಪೂರ್ಣಫಲ ದೊರೆಯುವುದು.