ಹಳೆಯ ಮೋಟಾರಿಗೆ ಹೊಸ ತಗಡು

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳಿಗೆ ಮಾತ್ರ ಮೀಸಲಾಗಿಟ್ಟಿದ್ದೇವೆ. ಶಬ್ದಾರ್ಥವನ್ನು ವಿಚಾರಿಸಿದರೆ, ಸವೆದುದನ್ನು ಮೇಲಕ್ಕೆತ್ತುವುದೆಂದಷ್ಟೇ ಅದರ ತಾತ್ಪರ್ಯ. ಸವೆದುದನ್ನು ಕಿತ್ತೊಗೆದು ಹೊಸತನ್ನು ನಿಲ್ಲಿಸುವುದೆಂದಲ್ಲ. ಮಯಮತವೆಂಬ ವಾಸ್ತುಗ್ರಂಥದಲ್ಲಿ ಈ ವಿಷಯಕ್ಕಾಗಿಯೇ ಒಂದು ಅಧ್ಯಾಯವಿರುವುದು. ಲಕ್ಷಣಗಳು ಇನ್ನೂ ಕಾಣುವಂತಿರುವ ಆಲಯವನ್ನು ಅದರ ಸ್ವಂತ ದ್ರವ್ಯಗಳಿಂದಲೇ ಸರಿಪಡಿಸತಕ್ಕದ್ದೆಂಬುದು ಅಲ್ಲಿಯ ಅಭಿಪ್ರಾಯ. ಈ ತಿಂಗಳು ನಾನು ಹೇಳಹೊರಟಿರುವುದಾದರೋ ಆಲಯದ ಸಂಗತಿಯಲ್ಲ, ಮೋಟಾರುಗಾಡಿಯ ಸಂಗತಿ. ಗೃಹಿಣಿಯರು ಪುಟವನ್ನು ಮಗುಚುವುದಕ್ಕೆ ಮೊದಲು ಒಂದು ಮಾತನ್ನು ಲಾಲಿಸಬೇಕು: ಹಳೆಯ ಗಾಡಿಯ ದುರಸ್ತಿಯಲ್ಲಿ ಕರಗುವುದು ಮನೆಯ ಹಣ, ಆ ಗಾಡಿಯಲ್ಲಿ ಕುಳಿತು ಹೋಗುವವರು ಮನೆಯ ಮಕ್ಕಳು.

ಭಾಲ್ಕಿಗೆ ಸಮೀಪದ ಒಂದು ಊರಿನಲ್ಲಿ, ತೀರಿಕೊಂಡ ಯಜಮಾನರು ಬಿಟ್ಟುಹೋದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯೊಂದು ಬಹುಕಾಲದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಅದನ್ನು ಮತ್ತೆ ಓಡಿಸಬೇಕೆಂದು ಮಕ್ಕಳಿಬ್ಬರಿಗೂ ಆಸೆ. ಹೇಗೆಂಬಲ್ಲಿ ಮಾತ್ರ ಮನಸ್ತಾಪ. ಹಿರಿಯವನು ತುಕ್ಕು ಹಿಡಿದ ಭಾಗಗಳನ್ನೆಲ್ಲ ತೆಗೆಸಿ ಫೈಬರಿನವುಗಳನ್ನು ಹಾಕಿಸೋಣವೆನ್ನುತ್ತಾನೆ, ಅಗ್ಗವೆಂಬ ಕಾರಣದಿಂದ. ಕಿರಿಯವನು ಮೇಲ್ಛಾವಣಿಯನ್ನು ತೆಗೆದುಹಾಕಿ, ಇಂಗ್ಲೆಂಡಿನಿಂದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ತಗಡುಗಳನ್ನು ತರಿಸಿ, ಗಾಡಿಯ ಜಾತಿಯನ್ನೇ ಬದಲಿಸಬೇಕೆನ್ನುತ್ತಾನೆ. "ಮಾಸ್ತರರೇ, ಎರಡೂ ಒಂದೇ ವಂಶದ ಗಾಡಿಗಳಲ್ಲವೇ?" ಎಂಬುದು ಅವನ ಪ್ರಶ್ನೆ. ಅವರ ತಾಯಿಯವರು ಮಾತ್ರ, "ಯಾವುದನ್ನಾದರೂ ಹಾಕಿಸಿರಪ್ಪಾ, ಬಾಗಿಲು ಸರಿಯಾಗಿ ಮುಚ್ಚುವಂತಿರಲಿ" ಎಂದರು. ಈ ವಿದ್ಯೆಯ ಸಾರವೆಲ್ಲವೂ ಆ ತಾಯಿಯ ಮಾತಿನಲ್ಲಿ ಅಡಗಿದೆಯೆಂದು ನನ್ನ ಅಭಿಪ್ರಾಯ.

ಕಿರಿಯವನು ಹೇಳಿದ ವಂಶದ ಮಾತು ಸುಳ್ಳಲ್ಲ. ಇಟಲಿಯ ಮಿಚೆಲೊಟ್ಟಿ ಎಂಬ ಶಿಲ್ಪಿಯು ರೂಪಿಸಿದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯು ಅದನ್ನು ನಮ್ಮ ದೇಶದಲ್ಲಿ ಕಟ್ಟಿತು. ಅದರ ಚಾಸಿಯನ್ನೇ ಕುಗ್ಗಿಸಿ ಮಾಡಿದ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್. ಅದು 1962ರಿಂದ 1980ರವರೆಗೆ ತಯಾರಾಯಿತು. ಆದರೆ ಅಣ್ಣನ ಅಂಗಿಯು ತಮ್ಮನಿಗೆ ಆಗುವುದೆಂಬ ನಿಯಮವಿಲ್ಲ. ಹೆರಾಲ್ಡಿನ ಮುಂದಿನ ಹಿಂದಿನ ಗಾಲಿಗಳ ಅಂತರ 91.5 ಅಂಗುಲ, ಸ್ಪಿಟ್‌ಫೈರಿನದು 83 ಅಂಗುಲ. ಇದಕ್ಕಿಂತಲೂ ಮುಖ್ಯವಾದ ಭೇದವು ಬಾಗಿಲ ಕೆಳಗಿನ ಹೊಸ್ತಿಲಿನಲ್ಲಿದೆ. ಟಿಂಕರ್ ಕೆಲಸದವರು ಇದನ್ನು ಸಿಲ್ ಎನ್ನುತ್ತಾರೆ. ಹೆರಾಲ್ಡಿನಲ್ಲಿ ಚಾಸಿಯ ಪಕ್ಕದ ಕಂಬಿಗಳು ಭಾರವನ್ನು ಹೊರುವುದರಿಂದ ಹೊಸ್ತಿಲು ಬಹುಮಟ್ಟಿಗೆ ಹೊದಿಕೆಯಷ್ಟೇ. ಸ್ಪಿಟ್‌ಫೈರಿನಲ್ಲಿ ಆ ಪಕ್ಕದ ಕಂಬಿಗಳನ್ನು ತೆಗೆದುಹಾಕಿ, ಬಲವನ್ನೆಲ್ಲ ಹೊಸ್ತಿಲಿಗೇ ಒಪ್ಪಿಸಿದರು. ಆದುದರಿಂದ ನೋಡುವುದಕ್ಕೆ ಒಂದೇ ಬಗೆಯಾಗಿರುವ ಎರಡು ತಗಡುಗಳಲ್ಲಿ ಒಂದು ಸೆರಗು, ಮತ್ತೊಂದು ಬೆನ್ನೆಲುಬು. ಬದಲಿ ಭಾಗವನ್ನು ಕೊಳ್ಳುವವನು ಮೊದಲು ಕೇಳತಕ್ಕ ಪ್ರಶ್ನೆಯು ಬೆಲೆಯದಲ್ಲ. ಇದು ಭಾರವನ್ನು ಹೊರುವುದೋ, ಗಾಳಿಮಳೆಯನ್ನು ತಡೆಯುವುದೋ ಎಂಬುದು.

ಭಾರ ಹೊರುವ ಸ್ಥಾನದಲ್ಲಿ ಫೈಬರಿನ ಮಾತೇ ಸಲ್ಲದು. ತುಕ್ಕಿನ ಮೇಲೆ ಪುಟ್ಟಿಯನ್ನು ಮೆತ್ತಿ ಬಣ್ಣ ಬಳಿಯುವುದು ಇನ್ನೂ ಕೆಟ್ಟದ್ದು. ತೆಳ್ಳನೆಯ ಬಟ್ಟೆಯಲ್ಲಿ ಸಣ್ಣ ಅಯಸ್ಕಾಂತವನ್ನು ಸುತ್ತಿ ಗಾಡಿಯ ಮೈಮೇಲೆ ಜರುಗಿಸಿದರೆ, ಅದು ಎಲ್ಲಿ ಸಡಿಲಾಗಿ ಜಾರುವುದೋ ಅಲ್ಲಿ ಉಕ್ಕಿಗಿಂತ ಪುಟ್ಟಿಯೇ ಹೆಚ್ಚೆಂದು ತಿಳಿಯಬೇಕು. ಈ ಪರೀಕ್ಷೆಯನ್ನು ಮನೆಯ ಹೆಣ್ಣುಮಕ್ಕಳೂ ಮಾಡಬಹುದು.

ನಮ್ಮ ಕಡೆಯವರು ಪತ್ರಾ ಎನ್ನುವ ಈ ತಗಡು ದೊರೆಯುವ ಮಾರ್ಗಗಳು ಹಲವು. ಇದ್ದುದನ್ನೇ ಉಳಿಸಿಕೊಂಡು ಕೊಳೆತಷ್ಟನ್ನು ಕತ್ತರಿಸಿ ತೇಪೆ ಹಾಕಿಸುವುದು ಮೊದಲನೆಯದು. ನನ್ನ ಮತದಲ್ಲಿ ಉತ್ತಮವಾದುದೂ ಅದೇ. ಅದು ಸಾಧ್ಯವಾಗದಿದ್ದಲ್ಲಿ ಗುಜರಿಯಲ್ಲಿ ಬಿದ್ದಿರುವ ಅದೇ ಜಾತಿಯ ಗಾಡಿಯ ಅಸಲು ಭಾಗವನ್ನು ಹುಡುಕಬೇಕು. ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಕುರ್ಲಾ ಮತ್ತು ಚೋರ್ ಬಜಾರ್‌ಗಳಿಗೆ ಇದಕ್ಕಾಗಿ ಜನರು ಅಲೆಯುವುದುಂಟು. ಆದರೆ ಕಡಲತೀರದಲ್ಲಿ ಬಾಳಿದ ಗಾಡಿಯ ತಗಡು ಉಪ್ಪುಗಾಳಿಗೆ ಸಿಕ್ಕಿ ಒಳಗಿನಿಂದಲೇ ತಿಂದುಹೋಗಿರುತ್ತದೆ. ಒಣಹವೆಯ ನಮ್ಮ ಬೀದರ, ಕಲಬುರಗಿಗಳ ಕಡೆ ನಿಂತಿದ್ದ ಗಾಡಿಯು ನೋಟಕ್ಕೆ ಬಡವಾದರೂ ಮೈಯಲ್ಲಿ ಗಟ್ಟಿ. ನಾಲ್ಕು ಬಾಗಿಲಿನ ಹೆರಾಲ್ಡ್ ಇದ್ದವರಿಗಂತೂ ಬಾಗಿಲುಗಳು ಇಲ್ಲಿಯ ಗುಜರಿಯಲ್ಲಲ್ಲದೆ ಬೇರೆಲ್ಲಿಯೂ ಸಿಕ್ಕಲಾರವು. ಏಕೆಂದರೆ ಆ ಮಾದರಿಯು ಭಾರತದಲ್ಲಿ ಮಾತ್ರ ತಯಾರಾಯಿತು.

ಹೊಸದಾಗಿ ಅಚ್ಚೊತ್ತಿದ ಭಾಗಗಳಲ್ಲಿಯೂ ಎರಡು ಕುಲಗಳಿವೆ. ಮೂಲ ಕಾರ್ಖಾನೆಯ ಅಚ್ಚುಗಳಿಂದಲೇ ಒತ್ತಿದವು ಶ್ರೇಷ್ಠವಾದವು. ಎಂ.ಜಿ.ಬಿ. ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ ತಯಾರಿಕೆಯು 1980ರಲ್ಲಿ ನಿಂತುಹೋದ ಮೇಲೆ, ಅದರ ಹಳೆಯ ಅಚ್ಚುಗಳನ್ನು ಕೂಡಿಸಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು 1988ರಲ್ಲಿ ಇಡೀ ಮೈಕಟ್ಟನ್ನೇ ಮತ್ತೆ ಮಾಡಿ ಮಾರತೊಡಗಿತು. ಎರಡನೆಯ ಕುಲದವು ಯಾವುದೋ ಹಳೆಯ ಭಾಗವನ್ನು ನೋಡಿ ಮಾಡಿದ ನಕಲುಗಳು. ಅವುಗಳ ಅಂಚು ಮೊಂಡಾಗಿರುವುದು, ತಿರುವು ಚಪ್ಪಟೆಯಾಗಿರುವುದು, ತಗಡು ತೆಳುವಾಗಿರುವುದು, ತೂತುಗಳು ಸ್ಥಾನ ತಪ್ಪಿರುವುದು ಅಪರೂಪವಲ್ಲ. ಕೊಳ್ಳುವ ಮೊದಲು ಅಂಚಿನ ದಪ್ಪವನ್ನು ಹಳೆಯದರ ಜೊತೆಗಿಟ್ಟು ಅಳೆಯಬೇಕು. ಹೊಸ ಭಾಗದ ಮೇಲಿನ ಕಪ್ಪು ಬಣ್ಣವು ಸಾಮಾನ್ಯವಾಗಿ ಸಾಗಾಣಿಕೆಯ ರಕ್ಷಣೆಗಾಗಿ ಬಳಿದುದು. ಅದನ್ನೇ ಅಸ್ತರವೆಂದು ಭಾವಿಸಬಾರದು.

ಇವೆಲ್ಲಕ್ಕೂ ಮಿಗಿಲಾದವನು, ಮರಳುಚೀಲದ ಮೇಲೆ ತಗಡನ್ನಿಟ್ಟು ಕೊಡತಿಯಿಂದ ಬಡಿದು ಮಡ್‌ಗಾರ್ಡಿನ ತಿರುವನ್ನು ಕಣ್ಣಳತೆಯಿಂದಲೇ ತೆಗೆಯಬಲ್ಲ ಹಳೆಯ ಮಿಸ್ತ್ರಿ. ಇಂಥವರ ಸಂಖ್ಯೆಯು ಕಡಿಮೆಯಾಗುತ್ತಿದೆ. ಸಿಕ್ಕಿದರೆ ಚೌಕಾಸಿಗೆ ಇಳಿಯಬೇಡಿರಿ.

ಇನ್ನು ಛಾವಣಿಯ ಪ್ರಶ್ನೆ. ಮಿಲಿಂದಪ್ರಶ್ನೆಯಲ್ಲಿ ನಾಗಸೇನನೆಂಬ ಭಿಕ್ಷುವು ರಾಜನನ್ನು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಕೇಳುತ್ತಾ ಹೋಗಿ, ಇವು ಕೂಡಿದಾಗ ನಾವು ಇಟ್ಟುಕೊಂಡ ಹೆಸರು ಮಾತ್ರವೇ ರಥವೆಂದು ಸಾಧಿಸುತ್ತಾನೆ. ತರ್ಕವು ಸುಂದರವಾಗಿದೆ, ಸಾರಿಗೆ ಇಲಾಖೆಯು ಮಾತ್ರ ಅದನ್ನು ಒಪ್ಪಲಾರದು. ಕೇಂದ್ರ ಸರ್ಕಾರವು 2021ರಲ್ಲಿ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿಯು ವಿಂಟೇಜ್ ಎನಿಸಬೇಕಾದರೆ ಮೂಲರೂಪದಲ್ಲಿಯೇ ಇರತಕ್ಕದ್ದು. ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಮಾರ್ಪಾಟು ನಡೆದಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಹೊಸದಾಗಿ ನೋಂದಣಿಯಾದ ಗಾಡಿಯ ಸಂಖ್ಯಾಫಲಕದಲ್ಲಿ ವಿ.ಎ. ಎಂಬ ಅಕ್ಷರಗಳು ಬರುತ್ತವೆ. ನಮ್ಮ ಭಾಲ್ಕಿಯ ಕೆ.ಎ. 39 ಅಲ್ಲಿರದು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಒಯ್ಯಬಹುದೇ ಹೊರತು ನಿತ್ಯ ಸಂಚಾರಕ್ಕೆ ಬಳಸುವಂತಿಲ್ಲ. ಛಾವಣಿಯನ್ನು ತೆಗೆದು ಸ್ಪಿಟ್‌ಫೈರಿನ ವೇಷ ತೊಡಿಸಿದರೆ ಆ ಗಾಡಿಯು ಹೆರಾಲ್ಡೂ ಆಗದು, ಸ್ಪಿಟ್‌ಫೈರೂ ಆಗದು. ವಿಂಟೇಜ್ ಎಂಬ ಮರ್ಯಾದೆಗೂ ಎರವಾದೀತು. ಕಿರಿಯವನಿಗೆ ಇದು ರುಚಿಸಲಿಲ್ಲ. ಅಣ್ಣನ ಫೈಬರೂ ಮೂಲದ್ರವ್ಯವಲ್ಲವಷ್ಟೆ ಎಂದು ಹೇಳಿದ ಮೇಲೆ ತುಸು ಸಮಾಧಾನಗೊಂಡನು.

ಕೆಲಸದ ಕ್ರಮವನ್ನು ತಾಯಿಯ ಮಾತಿನಿಂದಲೇ ಪ್ರಾರಂಭಿಸಬೇಕು. ಚಾಸಿಯ ತುಕ್ಕನ್ನು ಮೊದಲು ಸರಿಪಡಿಸಿ, ಗಾಡಿಯನ್ನು ಸಮತಲದಲ್ಲಿ ನಿಲ್ಲಿಸಿ, ಹೊಸ್ತಿಲನ್ನು ಕತ್ತರಿಸುವುದಕ್ಕೆ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಕಂಬಿಗಳನ್ನು ಬಿಗಿಯಬೇಕು. ಸ್ಪಿಟ್‌ಫೈರ್, ಎಂ.ಜಿ.ಬಿ.ಗಳಂಥ ಛಾವಣಿಯಿಲ್ಲದ ಗಾಡಿಗಳಲ್ಲಿ ಈ ಕಂಬಿಗಳಿಲ್ಲದೆ ಕತ್ತರಿಸಿದರೆ ನಡುವು ಕುಸಿದು, ಆಮೇಲೆ ಎಷ್ಟು ಬಡಿದರೂ ಬಾಗಿಲು ಕೂಡುವುದಿಲ್ಲ. ಹೆರಾಲ್ಡಿನಲ್ಲಿ ಮೈಕಟ್ಟಿಗೂ ಚಾಸಿಗೂ ನಡುವೆ ಇಡುವ ತೆಳುಬಿಲ್ಲೆಗಳನ್ನು ಹೆಚ್ಚುಕಡಿಮೆ ಮಾಡಿ ಬಾಗಿಲಿನ ಸಂದುಗಳನ್ನು ಸರಿದೂಗಿಸಬಹುದು. ಹೊಸ ಭಾಗಗಳನ್ನೆಲ್ಲ ಸ್ಕ್ರೂಗಳಿಂದ ತಾತ್ಕಾಲಿಕವಾಗಿ ಕೂಡಿಸಿ, ಬಾಗಿಲನ್ನು ಹತ್ತಾರು ಸಲ ತೆರೆದು ಮುಚ್ಚಿ, ಸಂದುಗಳು ಉದ್ದಕ್ಕೂ ಒಂದೇ ಸಮನಾಗಿವೆಯೆಂದು ಕಂಡ ಮೇಲೆಯೇ ವೆಲ್ಡಿಂಗ್. ಒಂದೇ ಕಡೆ ಬೆಂಕಿ ಕೊಟ್ಟರೆ ತಗಡು ಸುರುಟಿಕೊಳ್ಳುವುದರಿಂದ, ಇಲ್ಲೊಂದು ಅಲ್ಲೊಂದು ಚುಕ್ಕೆಯಂತೆ ಬೆಸೆಯುತ್ತ ಹೋಗಬೇಕು. ಕೂಡುವ ಮುಖಗಳಿಗೆ ಸತುವಿನ ಅಸ್ತರವನ್ನು ಬಳಿಯಿರಿ. ಬಿದ್ರಿ ಪಾತ್ರೆಗಳ ಮುಖ್ಯ ಲೋಹವಾದ ಈ ಸತುವು, ಕಬ್ಬಿಣದ ಜೊತೆಯಲ್ಲಿರುವಾಗ ತಾನು ಮೊದಲು ಸವೆದು ಅದನ್ನು ಕಾಯುತ್ತದೆ. ಅದು ಸುಡುವಾಗ ಏಳುವ ಹೊಗೆಯು ಅಪಾಯಕರವಾದುದರಿಂದ ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಿಸಬೇಕು. ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು.

ಬಣ್ಣವಾಗಿ ಗಾಡಿಯು ಮನೆಗೆ ಬಂದ ದಿನ ಬಾಗಿಲುಗಳ ಕೆಳಅಂಚನ್ನು ಬಗ್ಗಿ ನೋಡಿರಿ. ಮಳೆಯ ನೀರು ಇಳಿದುಹೋಗಲೆಂದು ಅಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅಂದದ ಹುರುಪಿನಲ್ಲಿ ಬಣ್ಣದವರು ಅವುಗಳನ್ನು ಪುಟ್ಟಿಯಿಂದ ಮುಚ್ಚಿಬಿಡುವುದುಂಟು. ಹಾಗಾಗಿದ್ದರೆ ಒಂದು ಹಿಡಿಗಡ್ಡಿಯಿಂದ ಅಂದೇ ಬಿಡಿಸಿಬಿಡಿರಿ.