ಬರಿಯ ಶೀತವಲ್ಲ
ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಾಗಿಯ ಗಾಳಿ ಬೀಸಿತೆಂದರೆ ಮನೆಮನೆಯಲ್ಲೂ ಕೆಮ್ಮು. ಬರಿಯ ಶೀತವೆಂದು ಕೈಕಟ್ಟಿ ಕೂರುವುದನ್ನು ನಾವು ಒಪ್ಪಲಾರೆವು. ಮಲಗಿರುವ ಕೂಸಿನ ಉಸಿರನ್ನು ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸತಕ್ಕದ್ದು. ಎರಡು ತಿಂಗಳೊಳಗಿನದಕ್ಕೆ 60, ವರ್ಷದೊಳಗಿನದಕ್ಕೆ 50 ಮುಟ್ಟಿದರೆ, ಪಕ್ಕೆ ಒಳಸೆಳೆದರೆ, ಮೊಲೆಹಾಲು ಬಿಟ್ಟರೆ, ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರಲ್ಲಿ ರೋಗವು ಇನ್ನೂ ಕಪಟಿ: ಜ್ವರವೇ ಕಾಣದೆ, ಮಂಕು ಕವಿದು ಮಾತು ತಪ್ಪುವುದೇ ನ್ಯುಮೋನಿಯದ ಮೊದಲ ಗುರುತಾಗಬಹುದು, ಅದನ್ನು ಅರಳುಮರಳೆಂದು ತಳ್ಳಿಬಿಡುವ ಮಕ್ಕಳು ನಮ್ಮಲ್ಲಿ ಕಡಮೆಯಿಲ್ಲ. ಮಗ್ಗ, ಒಲೆ, ತೊಟ್ಟಿಲು ಒಂದೇ ಸೂರಿನಡಿಯಿರುವಲ್ಲಿ ಹೊಗೆಗೊಂದು ದಾರಿಯಾಗಬೇಕು. ಶಿಶುಗಳಿಗೆ ನ್ಯುಮೋಕಾಕಲ್ ಲಸಿಕೆಯು 2021ರಿಂದ ದೇಶಾದ್ಯಂತ ಉಚಿತ. 6 ವಾರ, 14 ವಾರ, 9 ತಿಂಗಳು ತುಂಬಿದಾಗ ಹಾಕಿಸತಕ್ಕದ್ದು. ವೃದ್ಧರ ಫ್ಲೂ ಲಸಿಕೆಗೆ ಆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸ್ಥಳವಿಲ್ಲವೇಕೆ? ಅಧಿಕಾರಿಗಳು ಉತ್ತರಿಸಲಿ.